ಮೇಲಿನ ಕೀಲು

ಐದನೆಯ ಸಲವೂ ಚುಕ್ಕಾಣಿ ಕೂರಲಿಲ್ಲ. ದೂಜಾ ತೊಡೆಮಟ್ಟದ ನೀರಿನಲ್ಲಿ ನಿಂತು ಹಲಗೆಯನ್ನು ಎರಡೂ ತೋಳುಗಳಿಂದ ಅವುಚಿಕೊಂಡಿದ್ದಳು. ಅದರ ಅಂಚಿನಲ್ಲಿ ಕೆಳಮುಖವಾಗಿ ಚಾಚಿಕೊಂಡಿದ್ದ ಎರಡು ಕಬ್ಬಿಣದ ಕೀಲುಗಳನ್ನು ದೋಣಿಯ ಹಿಂಬದಿಗೆ ಬಡಿದಿದ್ದ ಎರಡು ಬಳೆಗಳೊಳಗೆ ಇಳಿಸಬೇಕಿತ್ತು, ಅಷ್ಟೇ. ಒಂದು ಬಳೆ ನೀರಿನ ಮೇಲೆ, ಕಣ್ಣಿಗೆ ಕಾಣುವಂತಿತ್ತು. ಇನ್ನೊಂದು ಮೊಳದಾಳದಲ್ಲಿ, ಕೈಗಷ್ಟೇ ಸಿಗುವಂತಿತ್ತು. ಕೆಳಗಿನ ಕೀಲು ಬಳೆಯ ಬಾಯಿಗೆ ಬಂತು ಅನ್ನುವಾಗ ಮೇಲಿನದು ಪಕ್ಕಕ್ಕೆ ಹೊರಳುತ್ತಿತ್ತು. ಮೇಲಿನದನ್ನು ಸರಿಮಾಡುವಷ್ಟರಲ್ಲಿ ಕೆಳಗಿನದು ಕಳಚಿಕೊಳ್ಳುತ್ತಿತ್ತು. ಸಣ್ಣ ಅಲೆಯೊಂದು ದೋಣಿಯ ಹಿಂಬದಿಯನ್ನು ನಾಲ್ಕು ಬೆರಳಿನಷ್ಟು ಎತ್ತಿ ಇಳಿಸಿತು. ಹಲಗೆ ಅವಳ ಹಿಡಿತದಿಂದ ಮೇಲಕ್ಕೆ ಚಿಮ್ಮಿ ದವಡೆಗೆ ಬಡಿಯಿತು.

"ಮನೆ ಹಾಳಾಗ," ಅಂದ ದಡದಲ್ಲಿ ಕೂತಿದ್ದ ತಿಜಾನಿ.

"ಆಗ್ಲಿ ಬಿಡು. ಹಾಳಾಗೋಕೆ ಇನ್ನೇನು ಉಳಿದಿದೆ," ಎಂದಳು ದೂಜಾ, ಗಂಡನ ಕಡೆ ತಿರುಗದೆ.

ಅವನು ಹೇಳಹೊರಟದ್ದು ಅದಲ್ಲ. ಹೇಳಬೇಕಾದದ್ದು ಅವನ ತಲೆಯೊಳಗೆ ಇಡಿಯಾಗಿಯೇ ಇತ್ತು. ಮೇಲಿನ ಕೀಲು ಉದ್ದವಾಗಿದೆ, ಎರಡು ಬೆರಳು ಕತ್ತರಿಸು. ಇಷ್ಟೇ. ಅದನ್ನು ಎತ್ತಿಕೊಳ್ಳಲು ಹೋದಾಗಲೆಲ್ಲ ಒಳಗೆ ಏನೋ ಕದಡಿ, ಕೈಗೆ ಸಿಗದೆ, ಬಾಯಿ ತಾನಾಗಿ ಆ ಹಳೆಯ ಬೈಗುಳವನ್ನು ಆಡಿಬಿಡುತ್ತಿತ್ತು. ಚಳಿಗಾಲದ ಕೊನೆಯಲ್ಲಿ, ಒಬ್ಬನೇ ದೋಣಿಯಲ್ಲಿ ಹಿಂದಿರುಗುತ್ತಿದ್ದಾಗ, ತಲೆಯೊಳಗಿನ ನರವೊಂದು ಒಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿತ್ತು. ಕಾಲು ಅರ್ಧ ಹಿಂದೆ ಬಂತು. ಮಾತಿನಲ್ಲಿ ಉಳಿದದ್ದು 'ಮನೆ ಹಾಳಾಗ' ಮಾತ್ರ. ನೀರು ಬೇಕಾದರೂ ಅದೇ, ಔಷಧಿ ಬೇಡವಾದರೂ ಅದೇ. ಕಡಲಾಚೆಯ ಸ್ಫಾಕ್ಸ್ ಪಟ್ಟಣದ ಆಸ್ಪತ್ರೆಯ ಎಳೆಯ ಡಾಕ್ಟರು ದೂಜಾಳನ್ನು ಕೂರಿಸಿಕೊಂಡು, ಬೈಗುಳ ತಲೆಯ ಬೇರೊಂದು ಕೋಣೆಯಲ್ಲಿ ಇರುತ್ತದಮ್ಮ, ಆ ಕೋಣೆಗೆ ಏಟು ಬಿದ್ದಿಲ್ಲ ಎಂದು ವಿವರಿಸಿದ್ದ. "ಆ ಕೋಣೆ ಮೊದಲಿಂದಲೂ ತುಂಬಿಕೊಂಡೇ ಇತ್ತು ಡಾಕ್ಟ್ರೇ," ಎಂದಿದ್ದಳು ಅವಳು. ನಗಬೇಕೋ ಬೇಡವೋ ತಿಳಿಯದೆ ಡಾಕ್ಟರು ಕಾಗದ ನೋಡಿದ್ದ.

ಆ ದಿನ ಹಿಡಿಯುವ ಕೈಯಿಲ್ಲದೆ ಓಡಿದ ದೋಣಿ ಕಲ್ಲುದಿಬ್ಬಕ್ಕೆ ಬಡಿದು ಚುಕ್ಕಾಣಿ ಎರಡು ಹೋಳಾಗಿತ್ತು, ಕೀಲುಗಳು ತಿರುಚಿಕೊಂಡಿದ್ದವು. ದೂಜಾ ಬೇಸಿಗೆಯಿಡೀ ಅದರ ಮುಂದೆ ಕೂತಳು. ಒಡೆದ ಹಲಗೆಯ ಕೆಳಭಾಗಕ್ಕೆ ಹಿಪ್ಪುನೇರಳೆಯ ಹೊಸ ತುಂಡು ಜೋಡಿಸಿದಳು, ಅಡ್ಡಕ್ಕೆ ಎರಡು ಕಬ್ಬಿಣದ ಪಟ್ಟಿ ಬಿಗಿದಳು, ಸಂದುಗಳಿಗೆ ಹತ್ತಿ ತುರುಕಿ ಡಾಂಬರು ಸವರಿದಳು. ಮರದ ಕೆಲಸದಲ್ಲಿ ತಿಜಾನಿಗೆ ಒಂದೇ ಒಂದು ತಪ್ಪೂ ಸಿಕ್ಕಿರಲಿಲ್ಲ. ಹುಡುಕಿದ್ದ. ಕೀಲುಗಳನ್ನು ಅವನು ನೋಡಿದ್ದು ಮಾತ್ರ ಇವತ್ತೇ. ನಿನ್ನೆ ಸಂಜೆ ಕಮ್ಮಾರನ ಹತ್ತಿರದಿಂದ ಗೋಣಿಯಲ್ಲಿ ಸುತ್ತಿ ತಂದ ಹಲಗೆಯನ್ನು ಅವಳು ನೇರವಾಗಿ ದೋಣಿಯೊಳಗೆ ಇಟ್ಟಿದ್ದಳು.

ಬೆಳಗ್ಗೆ ಇಳಿತದಲ್ಲಿ ದೋಣಿ ಕೆಸರಿನ ಮೇಲೆ ಕೂತಿದ್ದಾಗಲೇ ಅವಳು ಒಂದು ಸಲ ಪ್ರಯತ್ನ ಮಾಡಿದ್ದಳು. ಚುಕ್ಕಾಣಿ ದೋಣಿಯ ತಳಕ್ಕಿಂತ ಒಂದು ಗೇಣು ಕೆಳಗೆ ಇಳಿಯುವುದರಿಂದ ಅದರಡಿ ಗುಂಡಿ ತೋಡಬೇಕಿತ್ತು. ತೋಡಿದಷ್ಟೂ ಕೆಸರು ಬಂದು ತುಂಬಿತು. ಈ ಕೆರ್ಕೆನ್ನಾ ದ್ವೀಪದ ಗಂಡಸರು ಯಾರೂ ಒಣನೆಲದಲ್ಲಿ ಚುಕ್ಕಾಣಿ ಹಾಕುವುದಿಲ್ಲ. ದಡಕ್ಕೆ ಬರುವಾಗ ಕಳಚಿ ಒಳಗಿಟ್ಟುಕೊಂಡು, ಹೊರಡುವಾಗ ತೇಲುವ ದೋಣಿಗೆ ಸಿಕ್ಕಿಸುವುದು ಇಲ್ಲಿಯ ರೂಢಿ. ತಿಜಾನಿ ನಲವತ್ತು ವರ್ಷ ದಿನಕ್ಕೆ ಎರಡು ಸಲ ಆ ಕೆಲಸ ಮಾಡಿದ್ದ. ದಡಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಎರಡು ಉಸಿರಿನಲ್ಲಿ ಮುಗಿಯುತ್ತಿತ್ತು. ಹೇಗೆ ಎನ್ನುವುದು ಬೆನ್ನಿನ ಆಚೆ ಇರುತ್ತಿತ್ತು.

"ಅತ್ತಿಗೆ, ಚುಕ್ಕಾಣಿ ಹಾಕ್ತಿದೀಯೋ, ಕುರಿಗೆ ಸ್ನಾನ ಮಾಡಿಸ್ತಿದೀಯೋ?"

ಮನ್ನೂಬಿ ಪ್ಯಾಂಟು ಮಡಿಚಿಕೊಂಡು ನೀರಿನಲ್ಲಿ ಬರುತ್ತಿದ್ದ. ಅವನು ತಿಜಾನಿಯ ಚಿಕ್ಕಪ್ಪನ ಮಗ. ಸ್ವಲ್ಪ ದೂರದಲ್ಲಿ ಅವನ ಎಂಜಿನ್ ದೋಣಿ ಲಂಗರು ಹಾಕಿತ್ತು, ಅಂಚಿನವರೆಗೆ ಹಸಿರು ಖರ್ಜೂರದ ಗರಿ ತುಂಬಿಕೊಂಡು.

"ಕುರಿ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು," ಎಂದಳು ದೂಜಾ. "ನೀನು ಹೋಗಿ ನಿನ್ನ ಎಂಜಿನ್ ನೋಡ್ಕೋ."

"ನೋಡಿ ಬಂದೆ. ನನ್ನ ಮುಖ ನೋಡಿ ಅದಕ್ಕೇ ಬೇಜಾರಾಗಿದೆ." ಅವನು ನೀರಿನ ಮಟ್ಟವನ್ನು ತನ್ನ ತೊಡೆಯ ಮೇಲೆ ಅಂದಾಜು ಮಾಡಿದ. "ತುಂಬಿದೆ ನೀರು. ಇಳಿಹೊತ್ತಿನ ಅಸರ್ ಆಜಾನ್ ಆಗ್ತಿದ್ದ ಹಾಗೆ ಹಿಂದೆ ಸರಿಯೋಕೆ ಶುರು ಮಾಡುತ್ತೆ. ಆಮೇಲೆ ನಿನ್ನ ದೋಣಿ ಗರಿ ಹೊತ್ಕೊಂಡು ಇಲ್ಲಿಂದ ಅಲ್ಲಾಡಲ್ಲ."

"ಗೊತ್ತು."

"ಅಲ್ಲೀವರೆಗೆ ಕಾಯ್ತೀನಿ. ಆಮೇಲೆ ನಾನೇ ಹೋಗಿ ನೆಟ್ಟುಬಿಡ್ತೀನಿ. ತಪ್ಪು ತಿಳ್ಕೋಬೇಡ ಅತ್ತಿಗೆ. ಬೇಲಿ ಇಲ್ದೆ ಖಾಲಿ ಬಿಟ್ರೆ ಆ ಕಡೆಯೋರು ತಮ್ಮ ಬೇಲಿ ನಾಲ್ಕು ಮಾರು ಒಳಗೆ ತರ್ತಾರೆ. ಅವರ ಅಪ್ಪನೂ ಹಂಗೇ ಮಾಡಿದ್ದು."

"ನೆಟ್ಟೋರದ್ದು ಮೀನು. ಅದೂ ಗೊತ್ತು."

"ಈ ಒಂದು ವರ್ಷ ಅಷ್ಟೇ."

ದೂಜಾ ಹಲಗೆಯನ್ನು ಮತ್ತೆ ಅವುಚಿಕೊಂಡಳು. ಬೇಲಿ ನೆಡುವ ಆ ಕಡಲ ತುಂಡು ತಿಜಾನಿ, ಮನ್ನೂಬಿ ಇಬ್ಬರ ಅಜ್ಜನದು, ಪಾಲಾಗದೆ ಉಳಿದದ್ದು. ಬೇಸಿಗೆ ಮುಗಿದ ಮೇಲೆ ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಗರಿಗಳನ್ನು ಸಾಗಿಸಿ, ಕಡಲ ತಳಕ್ಕೆ ಒಂದೊಂದಾಗಿ ನೆಟ್ಟು, ಮೀನು ಬಂದು ಸಿಕ್ಕಿಕೊಳ್ಳುವ ಬೇಲಿ ಕಟ್ಟಬೇಕು. ಎರಡು ಮನೆಗಳಲ್ಲಿ ಯಾರು ಕಟ್ಟುತ್ತಾರೋ ಆ ವರ್ಷದ ಮೀನು ಅವರಿಗೆ. ಮನ್ನೂಬಿಯ ಅಪ್ಪ ಸ್ಪಂಜು ತೆಗೆಯುವ ಕೆಲಸಕ್ಕೆ ಹೋಗಿ ಒಂದು ವರ್ಷ ಕಟ್ಟದೆ ಬಿಟ್ಟಿದ್ದ. ಅವತ್ತಿನಿಂದ ಅದು ತಿಜಾನಿಯ ಮನೆಯದಾಯಿತು. ಆ ಒಂದು ವರ್ಷಕ್ಕೆ ಈಗ ನಲವತ್ತು.

ದಡದಲ್ಲಿ ಕೂತವನಿಗೆ ಅವರ ಮಾತು ಪೂರ್ತಿ ಕೇಳಿಸುತ್ತಿತ್ತು. ಮನ್ನೂಬಿ ತಾನೇ ನೆಡುತ್ತೇನೆ ಅಂದಾಗ ತಿಜಾನಿಯ ಎದೆಯಲ್ಲಿ ಏನೋ ಸಡಿಲವಾಯಿತು. ಇವತ್ತು ಇಲ್ಲಿಂದ ಎದ್ದು ಮನೆಗೆ ಹೋಗಬಹುದು. ತಾನಿಲ್ಲದೆ ಹೋದರೆ ದೋಣಿಯೂ ಹೋಗುವುದಿಲ್ಲ ಎನ್ನುವುದು ಊರಿಗೆ ಗೊತ್ತಾಗುತ್ತದೆ. ಈ ಯೋಚನೆ ತನ್ನದೇ ಎಂದು ಅರಿವಾದಾಗ ಅವನು ಊರುಗೋಲನ್ನು ಮರಳಿಗೆ ಒತ್ತಿ, ಅದು ಎಷ್ಟು ಇಳಿಯುತ್ತದೆ ಎಂದು ನೋಡುತ್ತ ಕೂತ.

"ಕೊಡಿಲ್ಲಿ, ಒಂದು ಕೈ ನಾನೂ ನೋಡ್ತೀನಿ," ಎಂದು ಮನ್ನೂಬಿ ಹಲಗೆ ತೆಗೆದುಕೊಂಡ. ಅವನು ಬಲವಾದ ಆಳು. ಹಲಗೆಯನ್ನು ಗೊಂಬೆಯಂತೆ ಎತ್ತಿ ನೀರಿಗಿಳಿಸಿದ. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಮೂರನೆಯ ಸಲಕ್ಕೆ ಬೆರಳು ಕೀಲು ಮತ್ತು ಬಳೆಯ ನಡುವೆ ಸಿಕ್ಕಿ ಚರ್ಮ ಸುಲಿಯಿತು. ಬೆರಳನ್ನು ಬಾಯಿಗಿಟ್ಟುಕೊಂಡ.

"ಎಂಜಿನ್ ಬಂದ್ಮೇಲೆ ಇದೆಲ್ಲ ಮರ್ತೇ ಹೋಗಿದೆ. ಎರಡನ್ನೂ ಒಂದೇ ಕ್ಷಣಕ್ಕೆ ಇಳಿಸಬೇಕಲ್ಲ, ನೀರು ಬಿಟ್ರೆ ತಾನೆ. ಕೀಲು ಯಾರು ಮಾಡಿದ್ದು?"

"ಫ್ರೆಜ್."

"ಕಿಟಕಿ ಸರಳು ಮಾಡ್ತಾನಲ್ಲ, ಆ ಫ್ರೆಜಾ?"

"ಇನ್ಯಾರಿದಾರೆ? ಖ್ಲೀಫಾ ತೀರ್ಕೊಂಡ ಮೇಲೆ ಅವರ ಕುಲುಮೆ ಜಾಗದಲ್ಲಿ ಮೊಬೈಲ್ ರಿಪೇರಿ ಕೂತಿದೆ. ಕೆಲಸ ಚೆನ್ನಾಗಿ ಮಾಡಿದಾನೆ. ಹಳೇದ್ರಲ್ಲಿ ಮೇಲಿನ ಕೀಲು ತುಕ್ಕು ತಿಂದು ಎರಡು ಬೆರಳು ಸವೆದು ಹೋಗಿತ್ತು. ನಾನೇ ನಿಂತು ಎರಡನ್ನೂ ಸಮ ಮಾಡಿಸ್ದೆ."

ತಿಜಾನಿ ಊರುಗೋಲನ್ನು ಅಲ್ಲೇ ಬಿಟ್ಟು ಎದ್ದುನಿಂತ.

ಸವೆದಿರಲಿಲ್ಲ. ಅದು ಇರಬೇಕಾದದ್ದೇ ಹಾಗೆ. ಉದ್ದನೆಯ ಕೆಳಗಿನ ಕೀಲನ್ನು ನೀರೊಳಗೆ ಕೈಯಿಂದ ತಡಕಿ ಮೊದಲು ಬಳೆಗೆ ಇಳಿಸಬೇಕು. ಅದು ಹಿಡಿದುಕೊಂಡ ಮೇಲೆ, ಇನ್ನೂ ಬಳೆಯನ್ನು ಮುಟ್ಟದ ಗಿಡ್ಡ ಕೀಲನ್ನು ಕಣ್ಣಿಂದ ನೋಡಿ ನಿಧಾನವಾಗಿ ಕೂರಿಸಬೇಕು. ಒಂದಾದ ಮೇಲೆ ಒಂದು. ಖ್ಲೀಫಾ ಬದುಕಿದ್ದಿದ್ದರೆ ಯಾರೂ ಹೇಳಬೇಕಿರಲಿಲ್ಲ. ಆದರೆ ಖ್ಲೀಫಾ ಮಾಡಿದ ಕೀಲನ್ನು ಇನ್ನೂ ಒಂದು ಬೆರಳು ಗಿಡ್ಡ ಮಾಡಿದ್ದು ತಿಜಾನಿಯೇ, ಮದುವೆಯಾದ ಮರುವರ್ಷ. ಹೊಸ ಹೆಂಡತಿ ರೊಟ್ಟಿಯ ಗಂಟು ಹಿಡಿದುಕೊಂಡು ದಡದಲ್ಲಿ ನಿಂತು, ಏನದು ಕೊಯ್ತಿರೋದು ಎಂದು ಕೇಳಿದ್ದಳು. ನಿನಗ್ಯಾಕೆ ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಆಗ ಅವನಿಗೆ ಅದು ಒಳ್ಳೆಯದೇ ಅನ್ನಿಸಿತ್ತು.

"ಬಳೆ ವಕ್ರ ಆಗಿದೆ," ಎಂದು ಮನ್ನೂಬಿ ತೀರ್ಪು ಕೊಟ್ಟ. "ಕಲ್ಲಿಗೆ ಬಡಿದಾಗ ಬಾಗಿರುತ್ತೆ. ಮೇಲಿನ ಬಳೆಗೆ ಈ ಕಡೆಯಿಂದ ನಾಲ್ಕು ಏಟು ಬಿಗಿದರೆ ಸರಿಹೋಗುತ್ತೆ ನೋಡು."

ದೂಜಾ ದೋಣಿಯೊಳಗಿನ ತಗಡಿನ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದಳು. ಮೊದಲ ಏಟಿಗೆ ದೋಣಿ ಪೂರ್ತಿ ನಡುಗಿತು. ಎರಡನೆಯದಕ್ಕೆ ಬಳೆಯ ಬುಡದ ಮರದಿಂದ ಹಳೆಯ ಬಣ್ಣದ ಚಕ್ಕೆ ಹಾರಿತು. ಆ ಮರ ಇನ್ನೆರಡು ಏಟು ತಡೆಯುವುದಿಲ್ಲ ಎಂದು ತಿಜಾನಿಗೆ ಗೊತ್ತಿತ್ತು. ಅವನು ಬಲಗಾಲನ್ನು ಎಳೆದುಕೊಂಡು ನೀರಿಗಿಳಿದ.

"ಮನೆ ಹಾಳಾಗ. ಮನೆ ಹಾಳಾಗ."

"ಅಣ್ಣನಿಗೆ ಇವತ್ತು ನಮ್ಮೇಲೆ ಪ್ರೀತಿ ಉಕ್ಕಿ ಬರ್ತಿದೆ," ಎಂದ ಮನ್ನೂಬಿ.

ತಿಜಾನಿ ಎಡಗೈಯಿಂದ ಸುತ್ತಿಗೆಯ ಹಿಡಿ ಹಿಡಿದುಕೊಂಡ. ಅವಳು ಎಳೆದಳು, ಅವನು ಬಿಡಲಿಲ್ಲ. ದೂಜಾಳ ಮುಖದ ತುಂಬ ಉಪ್ಪುನೀರು, ದವಡೆ ಕೆಂಪಾಗಿ ಊದಿತ್ತು.

"ಗೊತ್ತು ಮಹರಾಯ, ಗೊತ್ತು," ಎಂದಳು. ದನಿ ಎತ್ತರಿಸಲಿಲ್ಲ. "ಹೆಂಗಸು ನಿನ್ನ ದೋಣಿ ಮುಟ್ಟಬಾರದು. ಬೇಸಿಗೆಯಲ್ಲಿ ಹಲಗೆ ಕೂಡಿಸ್ವಾಗ್ಲೂ ಇದೇ ಮುಖ ಮಾಡ್ಕೊಂಡು ಕೂತಿದ್ದೆ. ನಾನು ಬಳಿದ ಡಾಂಬರನ್ನ ಉಗುರಿಂದ ಕೆರೆದು ನೋಡ್ತಿದ್ದೆ, ನಾನು ಮಲಗಿದೀನಿ ಅಂದ್ಕೊಂಡು. ಮೀನು ಮನ್ನೂಬಿ ಮನೆಗೆ ಹೋದ್ರೂ ಚಿಂತೆಯಿಲ್ಲ ನಿಂಗೆ, ನಾನು ಚುಕ್ಕಾಣಿ ಹಿಡೀಬಾರದು. ಅಷ್ಟೇ ತಾನೆ?"

ಅವನು ತಲೆಯಾಡಿಸಿದ. ಅವಳು ಅದನ್ನು ಹೌದು ಎಂದುಕೊಂಡಳೋ ಅಲ್ಲ ಎಂದುಕೊಂಡಳೋ ಅವನಿಗೆ ತಿಳಿಯಲಿಲ್ಲ. ಸುತ್ತಿಗೆ ಬಿಟ್ಟು ಎಡಗೈಯ ಎರಡು ಬೆರಳು ಎತ್ತಿ ತೋರಿಸಿದ. ಆಮೇಲೆ ಮೇಲಿನ ಕೀಲನ್ನು ತೋರಿಸಿದ. ಮತ್ತೆ ಎರಡು ಬೆರಳು.

"ಎರಡು? ಏನು ಎರಡು?" ಎಂದಳು ದೂಜಾ. "ಇನ್ನೆರಡು ಏಟು ಹಾಕ್ಲಾ?"

"ಮನೆ ಹಾಳಾಗ."

"ಇಬ್ಬರು ಹಿಡೀಬೇಕು ಅಂತಿದಾನೇನೋ," ಎಂದ ಮನ್ನೂಬಿ. "ಇಬ್ಬರೂ ಹಿಡಿದಾಯ್ತಲ್ಲಣ್ಣ. ಇಲ್ಲಾ, ಎರಡು ಗಂಟೆ ಆಯ್ತು ಅಂತ್ಲೋ? ಎರಡಾಗಿ ಎಷ್ಟೋ ಹೊತ್ತಾಯ್ತು."

ತಿಜಾನಿ ಬೆರಳುಗಳನ್ನು ಜೋಡಿಸಿ ಕೀಲಿನ ತುದಿಗೆ ಅಡ್ಡಲಾಗಿ ಇಟ್ಟ, ಕೊಯ್ಯುವಂತೆ ಗಾಳಿಯಲ್ಲಿ ಕೈಯಾಡಿಸಿದ. ಅಷ್ಟರಲ್ಲಿ ಅಲೆ ಬಂದು, ಸ್ವಾಧೀನವಿಲ್ಲದ ಕಾಲು ತಿರುಚಿ, ಕೈಯ ಸನ್ನೆ ಬೀಳುವವನು ಆಸರೆಗೆ ತಡಕುವಂತಾಯಿತು. ದೂಜಾ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳ ಇನ್ನೊಂದು ಕೈಯಲ್ಲಿದ್ದ ಸುತ್ತಿಗೆಯನ್ನು ಅವನು ಕಸಿದು ನೀರಿಗೆ ಎಸೆದ. ಅದು ಸದ್ದಿಲ್ಲದೆ ಮುಳುಗಿತು.

ಮನ್ನೂಬಿ ನಗುವುದನ್ನು ನಿಲ್ಲಿಸಿದ. "ನಾನು ಹೋಗಿ ಎಂಜಿನ್ ಬಿಸಿ ಮಾಡ್ತಿರ್ತೀನಿ ಅತ್ತಿಗೆ," ಎಂದು, ಇಬ್ಬರನ್ನೂ ನೋಡದೆ ನೀರಿನಲ್ಲಿ ನಡೆದುಹೋದ.

ದೂಜಾ ಚುಕ್ಕಾಣಿಯನ್ನು ದಡಕ್ಕೆ ಎಳೆದು ತಂದು ಮರಳಿನ ಮೇಲೆ ಕೆಡವಿದಳು. "ತಗೋ. ನೀನೇ ಇಟ್ಕೋ," ಎಂದು ಅದರಿಂದ ನಾಲ್ಕು ಹೆಜ್ಜೆ ದೂರ, ಬೆನ್ನು ತಿರುಗಿಸಿ ಕೂತು, ಲಂಗದ ಅಂಚನ್ನು ಹಿಂಡತೊಡಗಿದಳು. ಹಿಂಡಿದ ಮೇಲೂ ಹಿಂಡುತ್ತಲೇ ಇದ್ದಳು.

ಅವಳ ಬೆನ್ನನ್ನು ಅವನು ಹಾಗೆ ನೋಡಿ ಬಹಳ ದಿನವಾಗಿತ್ತು. ಹೆಗಲ ಮೂಳೆಗಳು ಒದ್ದೆ ಬಟ್ಟೆಯೊಳಗೆ ಎದ್ದು ಕಾಣುತ್ತಿದ್ದವು. ತಿಜಾನಿ ದೋಣಿಯ ಅಂಚಿಗೆ ಎದೆ ಒರಗಿಸಿ, ಎಡಗೈಯನ್ನು ಒಳಗೆ ಚಾಚಿ, ತಗಡಿನ ಪೆಟ್ಟಿಗೆಯಲ್ಲಿ ತಡಕಿದ. ಅರ ಸಿಕ್ಕಿತು, ಮೊಳೆಗಳು ಸಿಕ್ಕಿದವು, ಕೊನೆಗೆ ಕಬ್ಬಿಣ ಕೊಯ್ಯುವ ಗರಗಸ. ದಡಕ್ಕೆ ಬಂದು ಚುಕ್ಕಾಣಿಯ ಪಕ್ಕದಲ್ಲಿ ಕುಸಿದು ಕೂತ. ಎರಡು ಬೆರಳುಗಳನ್ನು ಮೇಲಿನ ಕೀಲಿನ ತುದಿಗೆ ಒತ್ತಿ ಹಿಡಿದು, ಅವು ಮುಗಿಯುವಲ್ಲಿ ಗರಗಸದ ಹಲ್ಲಿನಿಂದ ಒಂದು ಗೀರು ಎಳೆದ. ಆಮೇಲೆ ಕೊಯ್ಯತೊಡಗಿದ.

ಸದ್ದು ಕೇಳಿ ದೂಜಾ ತಿರುಗಿದಳು.

"ಕೊಯ್ಯಿ," ಎಂದಳು. "ಕೊಯ್ದು ಹಾಕು. ಪೀಡೆ ಹೋಗ್ಲಿ."

ಎಡಗೈಗೆ ಗರಗಸ ಒಗ್ಗಲಿಲ್ಲ. ಎಳೆದಾಗ ಹಲಗೆ ಮರಳಿನಲ್ಲಿ ಜಾರುತ್ತಿತ್ತು, ತಳ್ಳಿದಾಗ ಅಲಗು ಗೀರಿನಿಂದ ಹೊರಗೆ ನೆಗೆಯುತ್ತಿತ್ತು. ಅವನು ಬಲಗೈಯನ್ನು ಎಡಗೈಯಿಂದ ಎತ್ತಿ, ಭಾರಕ್ಕೆ ಇಡುವ ಕಲ್ಲಿನಂತೆ ಕೀಲಿನ ಬುಡದಲ್ಲಿಟ್ಟು ಮತ್ತೆ ಕೊಯ್ದ. ಅಲಗು ನೆಗೆಯಿತು. ಕೊಯ್ದ. ಮತ್ತೆ ನೆಗೆಯಿತು. ಕಬ್ಬಿಣದ ಪುಡಿಯ ಜೊತೆ ಏನೋ ಕೆಂಪಗೆ ಮರಳಿಗೆ ಇಳಿಯುತ್ತಿತ್ತು. ಅವನಿಗೆ ನೋವಿರಲಿಲ್ಲ, ಹಾಗಾಗಿ ನೋಡಲಿಲ್ಲ.

"ಕೈ," ಎಂದಳು ದೂಜಾ. "ಕೈ ನೋಡು. ನಿನ್ನ ಕೈ ಕೊಯ್ತಿದೀಯ."

ಅವನು ನಿಲ್ಲಿಸಲಿಲ್ಲ. ಅವಳು ಎದ್ದು ಬಂದು ಅವನ ಬಲಗೈಯನ್ನು ಎತ್ತಿ ಆಚೆ ಇಟ್ಟಳು, ತಲೆವಸ್ತ್ರದ ಒಂದು ತುದಿ ಹರಿದು ಹೆಬ್ಬೆರಳಿನ ಬುಡಕ್ಕೆ ಸುತ್ತಿದಳು. ಅಷ್ಟು ಹೊತ್ತೂ ಗರಗಸ ಓಡುತ್ತಲೇ ಇತ್ತು, ಹಲಗೆ ಜಾರುತ್ತಲೇ ಇತ್ತು. ಹಲ್ಲು ಕಚ್ಚಿ ಅವಳು ಹಲಗೆಯ ಮೇಲೆ ಮಂಡಿಯೂರಿ ಕೂತಳು, ಆ ಸದ್ದಾದರೂ ಬೇಗ ಮುಗಿಯಲಿ ಎಂಬಂತೆ. ಹಲಗೆ ಅಲ್ಲಾಡುವುದು ನಿಂತ ಮೇಲೆ ಅಲಗು ಗೀರಿನಲ್ಲಿ ನೆಲೆನಿಂತಿತು.

ಈಗ ಅವಳ ಮುಖ ಕೀಲಿಗೆ ಹತ್ತಿರವಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಂತು, ಮತ್ತೊಮ್ಮೆ ಎರಡು ಬೆರಳು ಜೋಡಿಸಿ ತುದಿಯಿಂದ ಗೀರಿನವರೆಗೆ ಇಟ್ಟು ನೋಡಿದ. ಬೆರಳಿನ ಅಂಚೂ ಗೀರೂ ಕೂಡಿಕೊಂಡವು. ಅವನು ಮತ್ತೆ ಗರಗಸ ಎತ್ತಿಕೊಂಡ.

"ಅಳತೆ ಮಾಡ್ತಿದೀಯಾ?" ಎಂದಳು ದೂಜಾ.

ಗರಗಸ ಓಡಿತು.

"ತಿಜಾನಿ. ನಿಲ್ಸು." ಅವಳು ಅವನ ಮಣಿಕಟ್ಟು ಹಿಡಿದಳು. ಅವಳ ಕಣ್ಣು ಕೆಳಗಿನ ಕೀಲಿಗೆ ಹೋಯಿತು, ಮೇಲಿನ ಕೀಲಿನ ಗೀರಿಗೆ ಬಂತು, ಮತ್ತೆ ಕೆಳಗೆ ಹೋಯಿತು. "ಹಾಗಾದ್ರೆ ಹಳೇದನ್ನ ತುಕ್ಕು ತಿಂದಿರ್ಲಿಲ್ವಾ?"

ಅವನು ತಲೆಯಾಡಿಸಿದ.

"ನೀನೇ ಕೊಯ್ದಿದ್ದಾ? ಹಿಂದೆ?"

ಅವನು ಅವಳನ್ನು ನೋಡಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೆ ಎಂದು ಗೊತ್ತಿದ್ದರಿಂದ ಬಾಯಿ ತೆರೆಯಲಿಲ್ಲ.

"ಒಂದು ಮಾತು," ಎಂದಳು ಅವಳು. "ನಲವತ್ತು ವರ್ಷದಲ್ಲಿ ಒಂದೇ ಒಂದು ಮಾತು. ಕೆಳಗಿಂದು ಉದ್ದ, ಮೇಲಿಂದು ಗಿಡ್ಡ. ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಗರಗಸವನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಮಂಡಿಯನ್ನು ಹಲಗೆಯ ಮೇಲಿಟ್ಟ, ಅವಳು ಕೊಯ್ದಳು. ಸಿಟ್ಟಿನಿಂದ ಕೊಯ್ದಳು, ಆದರೂ ನೇರವಾಗಿ ಕೊಯ್ದಳು. ಕಬ್ಬಿಣದ ತುಂಡು ಉದುರಿದಾಗ ಅಸರ್ ಆಜಾನ್ ಶುರುವಾಯಿತು. ಆಚೆ ಮನ್ನೂಬಿಯ ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಅವನು ಲಂಗರು ಎತ್ತಿ, ಈ ಕಡೆ ಒಮ್ಮೆ ಕೈ ಮಾಡಿ, ದೋಣಿಯ ಮೂತಿಯನ್ನು ಹೊರಕ್ಕೆ ತಿರುಗಿಸಿದ.

ದೂಜಾ ಹಲಗೆಯನ್ನು ಹೊತ್ತು ನೀರಿಗಿಳಿದಳು, ತಿಜಾನಿ ಕಾಲೆಳೆಯುತ್ತ ಮೊಣಕಾಲಿನವರೆಗಿನ ನೀರಿಗೆ ಹಿಂದೆ ಬಂದ. ಕೈಯನ್ನು ಭುಜದವರೆಗೆ ಮುಳುಗಿಸಿ, ಕಣ್ಣು ಮುಚ್ಚಿ, ಕೆಳಗಿನ ಬಳೆಯನ್ನು ಹುಡುಕಿದಳು. ಕೀಲು ಅದರೊಳಗೆ ಇಳಿಯಿತು. ಅಲೆ ಬಂತು, ದೋಣಿ ಎದ್ದು ಇಳಿಯಿತು, ಹಲಗೆ ಎತ್ತ ಹೊರಳಿದರೂ ಕೆಳಗಿನ ಹಿಡಿತ ಬಿಡಲಿಲ್ಲ. ಮೇಲಿನ ಕೀಲು ಬಳೆಯ ಮೇಲೆ ಅತ್ತಿತ್ತ ತೂಗಿ, ನಡುವಿಗೆ ಬಂದು, ತನ್ನ ಭಾರಕ್ಕೇ ಟಕ್ಕೆಂದು ಕೂತಿತು.

ಅವಳು ಹಲಗೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಳು. ತಿರುಗಿತು.

"ಇಷ್ಟೇನಾ," ಎಂದಳು. ಖುಷಿಯಿಂದ ಅಲ್ಲ. "ಇಷ್ಟಕ್ಕೇನಾ." ಬೆಳಗಿನಿಂದ ತಡೆದುಕೊಂಡದ್ದೆಲ್ಲ ಆಗ ಬಂತು. ಮುಖವನ್ನು ದೋಣಿಯ ಮರಕ್ಕೆ ಒತ್ತಿ ಸ್ವಲ್ಪ ಹೊತ್ತು ನಿಂತಳು. ತಿಜಾನಿಗೆ ಅವಳ ಹತ್ತಿರ ಹೋಗಬೇಕು ಅನ್ನಿಸಿತು. ಹೋಗಿ ಏನು ಮಾಡುವುದು ಎಂದು ತಿಳಿಯದೆ ಅಲ್ಲೇ ನಿಂತ. ನೀರು ಅವನ ಮೊಣಕಾಲಿನ ಹತ್ತಿರ ಬಿಟ್ಟ ಒದ್ದೆಯ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ ಸರಿದಿತ್ತು.

"ಹತ್ತು," ಎಂದಳು ದೂಜಾ, ಮೂಗು ಒರೆಸಿಕೊಂಡು.

ಅವನು ಅರ್ಥವಾಗದೆ ನೋಡಿದ.

"ನಾನು ನೀರಲ್ಲಿ ನಿಂತು ನೆಡುವಾಗ ಮೇಲಿಂದ ಗರಿ ಕೊಡೋಕೆ ಕೈ ಬೇಕು. ಒಂದಿದ್ರೆ ಸಾಕು. ಹತ್ತು."

ಅವಳು ಅವನ ಸೊಂಟಕ್ಕೆ ಹೆಗಲು ಕೊಟ್ಟು ತಳ್ಳಿದಳು. ಅವನು ಗರಿಗಳ ರಾಶಿಯ ಮೇಲೆ ಮಗುಚಿ ಬಿದ್ದ. ಮುಳ್ಳುಗಳು ಎಡಕೆನ್ನೆಗೆ ಚುಚ್ಚಿದವು. ಎದ್ದು, ಮೈ ಕಲಿತ ಅಭ್ಯಾಸದಂತೆ ಹಿಂಬದಿಗೆ ತೆವಳತೊಡಗಿದ.

"ಅಲ್ಲಲ್ಲ. ಆ ಕಡೆ."

ಅವನು ಮುಂಬದಿಗೆ ಹೋಗಿ ಕೂತ. ಆ ದೋಣಿಯಲ್ಲಿ ಅವನು ಅಲ್ಲಿ ಕೂತದ್ದೇ ಇಲ್ಲ. ಅಲ್ಲಿಂದ ಹಾಯಿಕಂಬವೂ ಹಾಯಿಯ ಹಗ್ಗವೂ ಚುಕ್ಕಾಣಿಯ ಹಿಡಿಯೂ ಎಲ್ಲ ಬೆನ್ನ ಹಿಂದೆ. ಹಾಯಿ ಏರುವ ಸದ್ದು ಕೇಳಿಸಿತು, ಅದು ಒಮ್ಮೆ ಪಟಪಟ ಹೊಡೆದುಕೊಂಡು ಗಾಳಿ ತುಂಬಿಕೊಂಡದ್ದು ಕೇಳಿಸಿತು. ಹಗ್ಗವನ್ನು ಅವಳು ಬಹಳ ಬಿಗಿ ಮಾಡಿದ್ದಳು. ದೋಣಿ ಅಡ್ಡಕ್ಕೆ ವಾಲಿತು. ಅವನ ಎಡಗೈ ತಾನಾಗಿ ಮೇಲೆದ್ದು, ಸಡಿಲ ಬಿಡು ಎನ್ನುವಂತೆ ಅಲ್ಲಾಡಿತು. ಅವಳು ಸಡಿಲ ಬಿಟ್ಟಳೋ ಗಾಳಿಯೇ ತಗ್ಗಿತೋ, ದೋಣಿ ನೆಟ್ಟಗಾಯಿತು.

ಅರ್ಧ ಮೈಲಿಯ ಆಚೆ, ದೋಣಿ ಸಾಗುವ ಆಳದ ಕಾಲುವೆಯ ಗುರುತಿಗೆ ನೆಟ್ಟ ಗಳ ಕಾಣುತ್ತಿತ್ತು. ತುದಿಯಲ್ಲಿ ಕರಿಬಟ್ಟೆಯ ಚಿಂದಿ. ಆಳವಿರುವುದು ಅದರ ಬಲಕ್ಕೆ ಮಾತ್ರ. ಬೇಲಿಯ ಜಾಗಕ್ಕೆ ಹೋಗುವವರೆಲ್ಲ ಅದನ್ನು ಸುತ್ತಿಕೊಂಡೇ ಹೋಗಬೇಕು. ಮನ್ನೂಬಿಯ ದೋಣಿ ಆಗಲೇ ಅಲ್ಲಿಗೆ ಅರ್ಧ ದಾರಿ ಮುಟ್ಟಿತ್ತು. ತಿಜಾನಿ ಎಡಗೈಯನ್ನು ಎದೆಯ ಮೇಲಿಂದ ಅಡ್ಡ ಹಾಯಿಸಿ ಬಲಕ್ಕೆ ತೋರಿಸಿದ.

ದೋಣಿಯ ಮೂತಿ ಎಡಕ್ಕೆ ತಿರುಗಿತು.

ಅವನು ಇನ್ನೊಮ್ಮೆ ತೋರಿಸಿದ. ಮೂತಿ ಇನ್ನೂ ಎಡಕ್ಕೆ ಹೋಯಿತು, ನೀರು ಹಾಲು ಬೆರೆಸಿದಂತೆ ಬಿಳುಪಾಗಿದ್ದ ಕಡೆಗೆ, ಇಳಿತದಲ್ಲಿ ಕಡಲಹಕ್ಕಿಗಳು ನಡೆದಾಡುವ ದಿಬ್ಬದ ಕಡೆಗೆ. ಆ ದಿಬ್ಬ ದಾಟಿದರೆ ಬೇಲಿಯ ಜಾಗ ಕೂಗಳತೆಯಲ್ಲಿದೆ. ಆದರೆ ಅದನ್ನು ಗರಿ ಹೊತ್ತ ದೋಣಿಯಲ್ಲಿ ಯಾರೂ ದಾಟಿದ್ದಿಲ್ಲ. ತಾಗಿದರೆ ಮೊದಲು ಹೋಗುವುದು ಚುಕ್ಕಾಣಿ. ಅವನು ಪೂರ್ತಿ ಹಿಂದಕ್ಕೆ ತಿರುಗಿದ.

"ಮನೆ ಹಾಳಾಗ."

"ಸುಮ್ನಿರು," ಎಂದಳು ದೂಜಾ. ಅವಳು ಅವನನ್ನು ನೋಡುತ್ತಿರಲಿಲ್ಲ, ಅವನ ತಲೆಯ ಮೇಲಿಂದ ಮುಂದಿನ ನೀರನ್ನು ನೋಡುತ್ತಿದ್ದಳು. "ನೀನು ಇದರ ಸುತ್ತ ತೇಲಿದೀಯ. ನಾನು ಇದರ ಮೇಲೆ ನಡೆದಿದೀನಿ."

ಹೌದು, ಇಳಿತದಲ್ಲಿ ಹೆಂಗಸರು ಇಲ್ಲಿಗೆ ಬರುತ್ತಾರೆ, ಮೀನಲ್ಲ, ಚಿಪ್ಪು ಮತ್ತು ಆಕ್ಟೋಪಸ್ ಹುಡುಕಿಕೊಂಡು, ಬರಿಗಾಲಿನಲ್ಲಿ, ಕೈಯಲ್ಲಿ ಕೊಕ್ಕೆ ಹಿಡಿದು. ಗಂಡಸರು ದೋಣಿಯ ಮೇಲಿಂದ ಅವರನ್ನು ದೂರದ ಚುಕ್ಕೆಗಳಂತೆ ನೋಡಿರುತ್ತಾರೆ. ಸಂಜೆ ಬುಟ್ಟಿಯಲ್ಲಿ ಏನಿದೆ ಎಂದು ಅವನು ಕೇಳಿದ್ದುಂಟು. ಎಲ್ಲಿ ನಡೆದೆ, ಎಲ್ಲಿ ನೀರು ಕುತ್ತಿಗೆಗೆ ಬಂತು ಎಂದು ಕೇಳಿದ್ದು ನೆನಪಾಗಲಿಲ್ಲ.

"ಆ ಕಪ್ಪು ಕಲ್ಲಿನ ಪಕ್ಕದಲ್ಲಿ ಒಂದು ಸಂದು ಇದೆ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಇಳಿತದಲ್ಲೂ ನಂಗೆ ಎದೆಮಟ್ಟ."

ತಿಜಾನಿ ಮತ್ತೆ ಮುಂದಕ್ಕೆ ತಿರುಗಿ ಕೂತ. ತಳ ಈಗ ಕೈಗೆಟಕುವಷ್ಟು ಹತ್ತಿರ ಕಾಣುತ್ತಿತ್ತು. ಮರಳಿನ ಮೇಲಿನ ಸಣ್ಣ ಮಡಿಕೆಗಳು, ಒಂದು ಬಿಳಿ ಚಿಪ್ಪು, ಹಾಯಿಯ ನೆರಳು. ಅವನು ಎಡಗೈಯಿಂದ ಅಂಚನ್ನು ಹಿಡಿದುಕೊಂಡ. ಮರ ಕಲ್ಲಿಗೆ ಉಜ್ಜಿದರೆ ಮೊದಲು ಅಂಗೈಗೆ ತಿಳಿಯುತ್ತದೆ, ಆಮೇಲೆ ಕಿವಿಗೆ. ಬಲಗಡೆ, ದೂರದಲ್ಲಿ, ಎಂಜಿನ್ನಿನ ಸದ್ದು ಗಳವನ್ನು ಸುತ್ತಿಕೊಂಡು ಹೋಗುತ್ತಿತ್ತು. ಕಪ್ಪು ಕಲ್ಲು ತೋಳಿನಷ್ಟು ದೂರದಲ್ಲಿ ಹಿಂದೆ ಸರಿಯಿತು. ಮರಳು ಮುಗಿದು ಕಡಲಹುಲ್ಲು ಶುರುವಾಯಿತು. ಉದ್ದನೆಯ ಹಸಿರು ಎಸಳುಗಳು ದೋಣಿಯ ಹೊಟ್ಟೆಯಡಿ ಒಂದೇ ಕಡೆಗೆ ಬಾಗಿ, ಒಂದರ ಹಿಂದೆ ಒಂದು ಹಾದುಹೋಗುತ್ತಿದ್ದವು. ಅವನು ಉಸಿರು ಹಿಡಿದು, ತಳ ಕೆರೆಯುವ ಸದ್ದಿಗೆ ಕಿವಿಗೊಟ್ಟು ಕೂತಿದ್ದ. ಹುಲ್ಲು ಕಪ್ಪಾಗುತ್ತ, ಆಳಕ್ಕೆ ಇಳಿಯುತ್ತ ಹೋಯಿತು.